40 ಎಂಎಲ್ಎಗಳ ರಾಜ್ಯದಲ್ಲಿ ವೋಟಿಲ್ಲದವನು

ಬ್ಲಾಗಿಗೆ ಧೂಳು ಹಿಡಿದು ನಾಲ್ಕು ತಿಂಗಳಾಯ್ತು. "ಗೋವಾದಲ್ಲಿದ್ದೀಯ, ನಿನಗೆಲ್ಲಿ ಬರೆಯೋಕೆ ಪುರುಸೊತ್ತು ಬಿಡಪ್ಪಾ" ಅಂತ ಗೆಳೆಯರು ಕಾಲೆಳೀತಾರೆ. ಅವರ ತಲೆಯಲ್ಲಿರೋ ಗೋವಾಕ್ಕೂ ನಾನು ತಿಂಗಳ ಒಂದನೇ ತಾರೀಖು ಬಾಡಿಗೆ ಕಟ್ಟೋ ಗೋವಾಕ್ಕೂ ಭೇಟಿಯೇ ಇಲ್ಲ. ನಾನು ಸಮುದ್ರ ನೋಡಿ ಎರಡು ತಿಂಗಳ ಮೇಲಾಯ್ತು ಅಂದ್ರೆ ಯಾರೂ ನಂಬಲ್ಲ. ನಿಜವಾಗ್ಲೂ ಮಾರಾಯ್ರೆ. ಮನೆಯಿಂದ ಬೀಚಿಗೆ ಹತ್ತೇ ಕಿಲೋಮೀಟರು, ಆದ್ರೆ ಡಿಸೆಂಬರಿನಲ್ಲಿ ಆ ಹತ್ತು ಕಿಲೋಮೀಟರು ಸಿಲ್ಕ್ ಬೋರ್ಡಿಗೆ ಸಮ.

ಹೊಸ ಓದುಗರಿಗೆ ಒಂದು ಸಾಲು ಪರಿಚಯ: ಊರು ನವಲಗುಂದ ತಾಲೂಕು, ಓದಿದ್ದು ಹುಬ್ಬಳ್ಳಿಯಲ್ಲಿ ಬಿ.ಇ., ಹೊಟ್ಟೆಪಾಡು ಬೆಂಗಳೂರಿನ ಒಂದು ಕಂಪನಿಯ ಕೋಡು. 2021ರ ಕೊನೆಯಲ್ಲಿ, ಮನೆಯಿಂದಲೇ ಕೆಲಸ ಅನ್ನೋದು ಶಾಶ್ವತ ಅಂತ ನಾವೆಲ್ಲ ನಂಬಿದ್ದ ಕಾಲದಲ್ಲಿ, ಬಾರ್ದೇಶ ತಾಲೂಕಿನ ಒಂದು ಹಳ್ಳಿಗೆ ಬಂದು ಬಿದ್ದೆ. ಈಗ ತಿಂಗಳಿಗೊಮ್ಮೆ ಬೆಂಗಳೂರಿಗೆ ಮುಖ ತೋರಿಸಿ ಬರ್ತೀನಿ. ಹಳ್ಳಿ ಹೆಸರು ಹೇಳಲ್ಲ, ಹೇಳಿದ್ರೆ ನಾಳೆ ಬೆಳಿಗ್ಗೆ ಮೀನಿನವಳೂ ಕೇಳ್ತಾಳೆ, ಏನು ಬರೆದಿದ್ದೀಯ ಅಂತ. ಅಷ್ಟು ಚಿಕ್ಕ ಜಾಗ ಇದು.

ಎಷ್ಟು ಚಿಕ್ಕದು ಅಂದ್ರೆ, ಇಡೀ ಗೋವಾ ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರು. ನಮ್ಮ ಧಾರವಾಡ ಜಿಲ್ಲೆಯೇ ಇದಕ್ಕಿಂತ ದೊಡ್ಡದು. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ, ಧಾರವಾಡ ಜಿಲ್ಲೆಯದು 18 ಲಕ್ಷದ ಮೇಲೆ. ಈಗ ಮಜಾ ನೋಡಿ. ಧಾರವಾಡ ಜಿಲ್ಲೆಗೆ 7 ಜನ ಎಂಎಲ್ಎ, ಗೋವಾಕ್ಕೆ 40! ನಮ್ಮಲ್ಲಿ ಎಂಎಲ್ಎ ಅಂದ್ರೆ ಕಾರಿನ ಕಪ್ಪು ಗಾಜು. ಇಲ್ಲಿ ಎಂಎಲ್ಎ ಅಂದ್ರೆ ಯಾರದೋ ಮದುವೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಐಸ್‌ಕ್ರೀಂ ತಿನ್ನೋ ಮನುಷ್ಯ. 2022ರ ಚುನಾವಣೆಯಲ್ಲಿ ಸಾಂತ ಆಂದ್ರೆ ಕ್ಷೇತ್ರ ತೀರ್ಮಾನ ಆಗಿದ್ದು 76 ವೋಟುಗಳಲ್ಲಿ. ಎಪ್ಪತ್ತಾರು! ನಮ್ಮ ಊರಲ್ಲಿ ಒಂದು ಓಣಿಯ ಎರಡು ಮನೆತನ ಮನಸ್ಸು ಮಾಡಿದ್ರೆ ಅಷ್ಟಾಗುತ್ತೆ. ಹಾಗಾಗಿ ಇಲ್ಲಿ ಒಬ್ಬೊಬ್ಬರ ವೋಟಿಗೂ ತೂಕ ಜಾಸ್ತಿ, ಬಾಯಿಗೂ ತೂಕ ಜಾಸ್ತಿ, ಜಗಳಕ್ಕಂತೂ ಕೇಳಲೇಬೇಡಿ.

ಆ ಜಗಳ ನೋಡಬೇಕಂದ್ರೆ ಗ್ರಾಮಸಭೆಗೆ ಹೋಗಬೇಕು. ನಮ್ಮ ಕಡೆ ಗ್ರಾಮಸಭೆ ಅಂದ್ರೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು. ಇಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು, ಕೈಯಲ್ಲಿ ಜಮೀನಿನ ನಕ್ಷೆಯ ಜೆರಾಕ್ಸ್ ಹಿಡ್ಕೊಂಡು ಬರ್ತಾರೆ. ಎಪ್ಪತ್ತು ವರ್ಷದ ಅಜ್ಜಿ ಎದ್ದು ನಿಂತು ಸರ್ವೆ ನಂಬರ್ ಸಮೇತ ಸರಪಂಚನನ್ನು ಬೆವರಿಳಿಸೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ನೋಡಿದ್ದು ವರಾಂಡದಿಂದ. ಯಾಕಂದ್ರೆ ಗ್ರಾಮಸಭೆಯ ಸದಸ್ಯ ಅಂದ್ರೆ ಆ ಪಂಚಾಯಿತಿಯ ಮತದಾರ ಮಾತ್ರ. ನನ್ನ ವೋಟು ಇನ್ನೂ ನವಲಗುಂದದಲ್ಲಿದೆ. ಮನೆ ಒಡತಿ (ನಾನು ಆಂಟಿ ಅಂತೀನಿ) ಒಳಗೆ ಕೂತು ವಾದ ಮಾಡ್ತಾರೆ, ನಾನು ಹೊರಗೆ ಕಿಟಕಿಯ ಪಕ್ಕ ನಿಂತು ಅರ್ಧಂಬರ್ಧ ಕೊಂಕಣಿಯಲ್ಲಿ ಕೇಳಿಸ್ಕೋತೀನಿ.

ಜಗಳದ ವಿಷಯಗಳು ಏನು ಅಂತೀರಾ? ಕಸ. ರಾತ್ರಿಯ ಸಂಗೀತ. ಪ್ರವಾಸಿಗಳು ಒಡೆದು ಬಿಸಾಕೋ ಬಾಟ್ಲಿ. ಬಾವಿ ಬತ್ತಿದ್ದು. ಟ್ಯಾಕ್ಸಿ. ಮತ್ತೆ ಎಲ್ಲದರ ಬುಡದಲ್ಲೂ ಜಮೀನು.

ಜಮೀನಿನದು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ರಾಜ್ಯಕ್ಕೆ ಒಂದು ಪ್ರಾದೇಶಿಕ ಯೋಜನೆ ಅಂತ ಇರುತ್ತೆ, ಯಾವ ಜಾಗ ಹೊಲ, ಯಾವುದು ತೋಟ, ಯಾವುದರಲ್ಲಿ ಮನೆ ಕಟ್ಟಬಹುದು ಅಂತ ಬಣ್ಣ ಬಳಿದ ನಕ್ಷೆ. '2011ರ ಪ್ರಾದೇಶಿಕ ಯೋಜನೆ'ಯಲ್ಲಿ ಗುಡ್ಡ ಕಾಡುಗಳೆಲ್ಲ ಕಟ್ಟಡದ ಬಣ್ಣಕ್ಕೆ ತಿರುಗಿವೆ ಅಂತ ಜನ ಬೀದಿಗಿಳಿದು, 2007ರ ಜನವರಿಯಲ್ಲಿ ಸರ್ಕಾರ ಆ ಯೋಜನೆಯನ್ನೇ ರದ್ದು ಮಾಡಬೇಕಾಯ್ತು. ನಕ್ಷೆಯೊಂದಕ್ಕೆ ಅಷ್ಟು ಜನ ಬೀದಿಗೆ ಬಂದಿದ್ದು ನಮ್ಮಲ್ಲಿ ಕೇಳಿದ್ದೀರಾ? ಆಮೇಲೆ 2021ರ ಯೋಜನೆ ಬಂತು. ಅದಾದ ಮೇಲೆ ಕಾಯ್ದೆಗೆ 17(2) ಅಂತ ಒಂದು ಉಪವಿಧಿ ಸೇರಿಸಿದ್ರು. ಯೋಜನೆಯಲ್ಲಿ ಅಜಾಗರೂಕತೆಯಿಂದ ಆದ ತಪ್ಪುಗಳನ್ನು ತಿದ್ದೋದಕ್ಕೆ ಅಂತ. ಸಾಫ್ಟ್‌ವೇರ್ ಗೆಳೆಯರಿಗೆ ನಮ್ಮ ಭಾಷೆಯಲ್ಲೇ ಹೇಳ್ತೀನಿ: ಬಗ್ ಫಿಕ್ಸ್ ಅನ್ನೋ ಹೆಸರಿನಲ್ಲಿ ಹೊಸ ಫೀಚರ್ ಬಿಡುಗಡೆ ಮಾಡೋದು. ಒಂದೊಂದೇ ತುಂಡು ತೋಟ, ಒಂದೊಂದೇ ಅರ್ಜಿ, ಒಂದೊಂದೇ ತಿದ್ದುಪಡಿ. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದರ ನಿಯಮಗಳನ್ನು ಹೊಡೆದುಹಾಕಿತು. ಅಷ್ಟರಲ್ಲಿ 2024ರಲ್ಲೇ 39ಎ ಅಂತ ಇನ್ನೊಂದು ಬಂದಾಗಿತ್ತು.

ಇದನ್ನ ಊರಿನವರು ಎಲ್ಲರೂ ಒಂದಾಗಿ ವಿರೋಧಿಸ್ತಾರೆ ಅಂತ ಅಂದ್ಕೋಬೇಡಿ. ಆಂಟಿಗೂ ಅವರ ತಮ್ಮನಿಗೂ ಮಾತಿಲ್ಲ. ತಮ್ಮ ಹೇಳೋದು ಇಷ್ಟೇ: "ಗದ್ದೆ ಮಾಡೋರ್ಯಾರು? ನಿನ್ನ ಮಗ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಗೋದಾಮಿನ ಕೆಲಸ ಮಾಡ್ತಾನೆ, ನನ್ನ ಮಗಳು ಕೆನಡಾಕ್ಕೆ ಹೋಗ್ತೀನಿ ಅಂತಾಳೆ. ದೆಹಲಿಯವನು ಕೋಟಿ ಕೊಡ್ತಾನೆ, ನೀನು ಸೊಪ್ಪು ಬೆಳೆದು ಎಷ್ಟು ಕೊಡ್ತೀಯ?" ಆಂಟಿ ಹತ್ರ ಲೆಕ್ಕದಲ್ಲಿ ಉತ್ತರ ಇಲ್ಲ. "ಗುಡ್ಡ ಕಡಿದ್ರೆ ನಮ್ಮ ಬಾವಿ ಒಣಗುತ್ತೆ" ಅಂತಾರೆ. ಆ ಬಾವಿಯ ನೀರು ನಾನೂ ಕುಡೀತೀನಿ, ಹಾಗಾಗಿ ನಾನು ಆಂಟಿ ಪಕ್ಷ. ಆದ್ರೆ ತಮ್ಮ ಕೆಟ್ಟವನು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಮ್ಮೂರಲ್ಲಿ ಹೊಲ ಲೀಸಿಗೆ ಹಾಕಿ ಹುಬ್ಬಳ್ಳಿಗೆ ಹೋದ ನಮ್ಮ ಮಾವಂದಿರು ಬೇರೇನು ಮಾಡಿದ್ರು?

ಟ್ಯಾಕ್ಸಿ ವಿಷಯದಲ್ಲೂ ನನಗೆ ಇದೇ ಪೇಚು. ಓಲಾ ಊಬರ್ ಇಲ್ಲದ ಊರಿದು. 2018ರಲ್ಲಿ ಗೋವಾಮೈಲ್ಸ್ ಅನ್ನೋ ಆಪ್ ಬಂತು, ಟ್ಯಾಕ್ಸಿಯವರು ಅವತ್ತಿಂದ ಅದರ ಮೇಲೆ ಕೆಂಡ ಕಾರ್ತಾನೇ ಇದ್ದಾರೆ. ಹಿಂದಿನ ಮನೆಯಾತ ಟ್ಯಾಕ್ಸಿ ಓಡಿಸ್ತಾನೆ. ನಾನು ಆಪ್ ಬರೆಯೋ ಜಾತಿಯವನು ಅಂತ ಗೊತ್ತಾದ ದಿನದಿಂದ ನನ್ನನ್ನ ಕಂಡ್ರೆ "ಏನು ಆಲ್ಗೋರಿದಂ, ಊಟ ಆಯ್ತಾ?" ಅಂತಾನೆ :-) ಬಾಡಿಗೆ ಹೇಳಿದ್ರೆ ಎದೆ ಧಸಕ್ ಅನ್ನುತ್ತೆ, ನಿಜ. ಆದ್ರೆ ಅವನ ಸೀಸನ್ ವರ್ಷಕ್ಕೆ ಐದು ತಿಂಗಳು, ಕಾರಿನ ಕಂತು ಹನ್ನೆರಡು ತಿಂಗಳು. ಬೆಂಗಳೂರಿನಲ್ಲಿ ಆಪಿಗೆ ಸೇರಿದ ಆಟೋದವರ ಪಾಡು ನೋಡಿದ ಮೇಲೆ ಅವನಿಗೆ ಆಪಿನ ಮಹಿಮೆ ಬಣ್ಣಿಸೋ ಧೈರ್ಯ ನನಗಿಲ್ಲ. ಹಾಗಂತ ರಾತ್ರಿ ಹನ್ನೊಂದಕ್ಕೆ ಮೋಪಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನ್ನ ಸಿದ್ಧಾಂತ ಏನಾಗುತ್ತೆ ಅಂತ ಕೇಳಬೇಡಿ.

(ಮೋಪಾ ಅಂದಾಗ ನೆನಪಾಯ್ತು. 2023ರ ಜನವರಿಯಲ್ಲಿ ಮೋಪಾ ಶುರುವಾದಾಗಿಂದ ದಕ್ಷಿಣ ಗೋವಾದವರಿಗೆ ದಾಬೋಳಿ ನಿಲ್ದಾಣ ಮುಚ್ಚಿಬಿಡ್ತಾರೆ ಅನ್ನೋ ಭಯ. ಧಾರವಾಡಕ್ಕಿಂತ ಚಿಕ್ಕ ರಾಜ್ಯದಲ್ಲಿ ಉತ್ತರದವರಿಗೆ ಒಂದು ವಿಮಾನ ನಿಲ್ದಾಣ, ದಕ್ಷಿಣದವರಿಗೆ ಇನ್ನೊಂದು, ಇಬ್ಬರಿಗೂ ಅಸಮಾಧಾನ!)

ಭಾಷೆ ಜಗಳ ಕೇಳಿದ್ರೆ ಕನ್ನಡದ ಬ್ಲಾಗಿಗರಿಗೆ ಖುಷಿಯಾಗುತ್ತೆ. 1987ರ ರಾಜಭಾಷಾ ಕಾಯ್ದೆ ಪ್ರಕಾರ ಕೊಂಕಣಿ ಅಂದ್ರೆ ದೇವನಾಗರಿಯಲ್ಲಿ ಬರೆದ ಕೊಂಕಣಿ. ಮರಾಠಿಯನ್ನೂ ಸರ್ಕಾರಿ ಕೆಲಸಕ್ಕೆ ಬಳಸಬಹುದು. ರೋಮನ್ ಲಿಪಿಯಲ್ಲಿ ಕೊಂಕಣಿ ಬರೆದು, ಓದಿ, ನಾಟಕ ಆಡಿ ಬೆಳೆದವರು "ನಾವೇನು ಸತ್ತಿದ್ದೀವಾ" ಅಂತ ಕೇಳ್ತಾನೇ ಇದ್ದಾರೆ. ಆಂಟಿಗೆ ದೇವನಾಗರಿ ಓದೋಕೆ ತಡವರಿಕೆ. ಒಂದು ದಿನ ಮಂಗಳೂರಿನ ನನ್ನ ಸಹೋದ್ಯೋಗಿ ಮನೆಗೆ ಬಂದಿದ್ದ, ಮಾತೃಭಾಷೆ ಕೊಂಕಣಿ. ಅವನು ಅದನ್ನ ಬರೆಯೋದು ಕನ್ನಡ ಅಕ್ಷರದಲ್ಲಿ. ಆಂಟಿಗೆ ಒಂದು ಚೀಟಿ ಬರೆದು ತೋರಿಸಿದ. ಅವರು ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಕೊನೆಗೆ ನಾನು ಓದಿದೆ. ಅರ್ಥ ನನಗೆ ಆಗ್ಲಿಲ್ಲ, ಅವರಿಗಾಯ್ತು! ಅಂದ್ರೆ ಆ ಮನೆಯಲ್ಲಿ ಅವತ್ತು ಅವರ ಭಾಷೆಯನ್ನ ಅವರಿಗೆ ಓದಿ ಹೇಳಿದವನು ಒಬ್ಬ 'ಘಾಟಿ'.

ಘಾಟಿ ಅಂದ್ರೆ ಘಟ್ಟದ ಮೇಲಿನವನು. ಅಂದ್ರೆ ನಾನು. ಹಾಗೆ ಅಂದಾಗ ನನಗೆ ಅಷ್ಟೇನೂ ತಟ್ಟಲ್ಲ, ಯಾಕಂದ್ರೆ ನನ್ನ ಹತ್ರ ಲ್ಯಾಪ್‌ಟಾಪ್ ಇದೆ. ಆ ಪದ ನಿಜವಾಗಿ ಬೀಳೋದು ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದಿಂದ ಬಂದು ರಸ್ತೆ ಅಗೆಯೋರ ಮೇಲೆ, ಗಾರೆ ಹೊರೋರ ಮೇಲೆ. 2004ರಲ್ಲಿ ವಾಸ್ಕೋದ ಬೈನಾ ತೀರದ ಗುಡಿಸಲುಗಳನ್ನು ಬುಲ್ಡೋಜರ್ ನೆಲಸಮ ಮಾಡಿದಾಗ ಅಲ್ಲಿದ್ದೋರಲ್ಲಿ ನಮ್ಮವರು ಎಷ್ಟು ಜನ! ಮಾಪುಸಾದ ಶುಕ್ರವಾರದ ಸಂತೆಯಲ್ಲಿ ನಿಂತ್ರೆ ಒಂದು ಕಿವಿಗೆ ಕೊಂಕಣಿ, ಇನ್ನೊಂದು ಕಿವಿಗೆ ನಮ್ಮ ಕಡೆಯ ಕನ್ನಡ. ಗೋವಾದ ಅಡುಗೆಮನೆಯ ತರಕಾರಿ ಹೆಚ್ಚಿನದು ಬರೋದು ಬೆಳಗಾವಿಯಿಂದ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದ್ರೆ ಇಲ್ಲಿ ಟೊಮೇಟೊ ಬೆಲೆ ಏರುತ್ತೆ. ಆದ್ರೂ ಗ್ರಾಮಸಭೆಯಲ್ಲಿ "ಹೊರಗಿನವರು" ಅನ್ನೋ ಮಾತು ಬಂದಾಗ ಮೊದಲು ತಿರುಗೋ ಕಣ್ಣು ದೆಹಲಿಯವನ ಬಂಗಲೆ ಕಡೆಗಲ್ಲ, ಗಾರೆಯವರ ಶೆಡ್ಡಿನ ಕಡೆಗೆ. ಇದು ನನಗೆ ಸಹಿಸೋಕಾಗಲ್ಲ. 1961ರ ಡಿಸೆಂಬರ್ 20ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಮತ್ತು ಅವರ ಸಂತತಿ ಮಾತ್ರ ಗೋವಾದವರು ಅಂತ ಕಾನೂನು ಮಾಡಿ ಅನ್ನೋ ಪಕ್ಷಕ್ಕೆ 2022ರಲ್ಲಿ ಒಂದು ಸೀಟೂ ಬಂತು (ಮೇಲೆ ಹೇಳಿದ 76 ವೋಟಿನದು ಅದೇ). ಇದನ್ನ ಓದಿ ಸಿಟ್ಟಾಗೋ ಮುಂಚೆ, 2024ರ ಜುಲೈಯಲ್ಲಿ ನಮ್ಮ ಸಂಪುಟ ಒಪ್ಪಿ ಆಮೇಲೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮೀಸಲಾತಿ ಮಸೂದೆ ನೆನಪಿಸ್ಕೊಳ್ಳಿ. ಆವಾಗ ನಾವೆಲ್ಲ ಯಾವ ಕಡೆ ಇದ್ವಿ? ಅದೇ ಮಾತು ಕೊಂಕಣಿಯಲ್ಲಿ ಕೇಳಿದ್ರೆ ಬೇರೆ ತರ ಕೇಳಿಸುತ್ತೆ, ಅಷ್ಟೇ.

ಈಗ ನೀರಿಗೆ ಬರ್ತೀನಿ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದೂ ಇದಕ್ಕೇ.

ಮಹದಾಯಿ ಅಂದ್ರೆ ನಮಗೆ ಏನು ಅಂತ ಗದಗ ಧಾರವಾಡ ಕಡೆಯವರಿಗೆ ಹೇಳಬೇಕಿಲ್ಲ. ನವಿಲುತೀರ್ಥದ ಮಲಪ್ರಭಾ ಅಣೆಕಟ್ಟು 37 ಟಿಎಂಸಿಗೂ ಮೇಲೆ ಹಿಡಿಯುತ್ತೆ, ತುಂಬೋ ವರ್ಷ ಬೆರಳೆಣಿಕೆ. ಕಾಲುವೆಗೆ ನೀರೇ ಬರದಿದ್ರೂ ಕರ ಕಟ್ಟಿ ಅಂದಿದ್ದಕ್ಕೆ 1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದು, ಗೋಲಿಬಾರ್ ಆಗಿ, ಒಂದು ಸರ್ಕಾರವೇ ಅಲ್ಲಾಡಿದ್ದು ನಮ್ಮ ಮನೆಗಳಲ್ಲಿ ಪುರಾಣದ ಹಾಗೆ ಹೇಳೋ ಕಥೆ. 2015ರಲ್ಲಿ ಕಳಸಾ ಬಂಡೂರಿಗಾಗಿ ನರಗುಂದದಲ್ಲಿ ಧರಣಿ ಕೂತಾಗ ನಮ್ಮ ಕಾಕಾ ವಾರಕ್ಕೆರಡು ದಿನ ಅಲ್ಲೇ. 2016ರ ಜುಲೈ ಕೊನೆಯಲ್ಲಿ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದ್ರು. ನಾನಾಗ ಎರಡನೇ ವರ್ಷದ ಇಂಜಿನಿಯರಿಂಗ್ ಹುಡುಗ, ಹಾಸ್ಟೆಲ್ಲಿನಲ್ಲಿ ಟಿವಿ ನೋಡ್ತಾ ಕೂತಿದ್ದೆ. ನಮ್ಮ ಮನೆ ನಲ್ಲಿಗೆ ಎಂಟು ಹತ್ತು ದಿನಕ್ಕೊಮ್ಮೆ ನೀರು. ಅವ್ವ ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಕೊಳ್ಳಲ್ಲ.

2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸೋಕೆ 3.9. ಗೋವಾಕ್ಕೆ 24. ಕಣಿವೆಯಲ್ಲಿ ಒಟ್ಟು ಸಿಗೋ ನೀರು 188 ಟಿಎಂಸಿ ಅಂತ ನ್ಯಾಯಮಂಡಳಿ ಲೆಕ್ಕ ಹಾಕಿತ್ತು. 188ರಲ್ಲಿ 3.9 ಅಂದ್ರೆ ನೂರಕ್ಕೆ ಎರಡು. ಇಷ್ಟಕ್ಕೆ ಯಾಕಿಷ್ಟು ರಾದ್ಧಾಂತ ಅಂತ ಊರಲ್ಲಿದ್ದಾಗ ನನ್ನ ವಾದ. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ನಮ್ಮ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಾಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ಪಟಾಕಿ ಚಿತ್ರಗಳು. ಅದೇ ವಾರ ಇಲ್ಲಿ ಹಾಲಿನಂಗಡಿಯಲ್ಲಿ ಎಲ್ಲರ ಮುಖದಲ್ಲಿ ಸಾವಿನ ಸುದ್ದಿ ಕೇಳಿದ ಕಳೆ. ಮುಂದಿನ ಗ್ರಾಮಸಭೆಯಲ್ಲಿ ಮ್ಹಾದಯಿ ಉಳಿಸಿ ಅಂತ ಗೊತ್ತುವಳಿ. ನಾನು ವರಾಂಡದಲ್ಲಿ. ಯಾರೋ ಹಿಂದಿಯಲ್ಲಿ, ನಗ್ತಾನೇ, "ನಿಮ್ಮವರು ನಮ್ಮ ತಾಯಿಯನ್ನ ಹೊತ್ಕೊಂಡು ಹೋಗ್ತಿದ್ದಾರೆ ನೋಡು" ಅಂದ್ರು. ನಾನೂ ನಕ್ಕೆ. ಬೇರೇನು ಮಾಡಲಿ?

ಮರುವರ್ಷ ಮಳೆಗಾಲದಲ್ಲಿ ಅಪ್ಪ ಬಂದ್ರು. ಒಂದು ವಾರ ಧೋ ಅಂತ ಮಳೆ. ನಮ್ಮೂರಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಇಲ್ಲಿ ಹತ್ತಿರ ಹತ್ತಿರ 3,000. ಅಪ್ಪ ಜಗುಲಿ ಮೇಲೆ ಕೂತು ಹೆಂಚಿನಿಂದ ಸುರಿಯೋ ನೀರನ್ನ ನೋಡ್ತಾ "ಅಲ್ಲಲೇ, ಇಷ್ಟೂ ನೀರು ಸಮುದ್ರಕ್ಕ ಹೊಂಟೈತಲ್ಲೋ" ಅಂತ ದಿನಕ್ಕೆ ನಾಲ್ಕು ಸಲ. ಆಂಟಿಯ ಗಂಡ, ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಬಂದವರು, ಅದನ್ನ ನನ್ನಿಂದ ಅನುವಾದ ಮಾಡಿಸಿ ಕೇಳಿದ್ರು. ಏನೂ ಹೇಳದೆ ಛತ್ರಿ ತಗೊಂಡು ಅಪ್ಪನ್ನ ಖಾಜನ್ ಗದ್ದೆಗೆ ಕರ್ಕೊಂಡು ಹೋದ್ರು. ನಾನೂ ಹಿಂದೆ.

ಖಾಜನ್ ಅಂದ್ರೆ ಉಪ್ಪುನೀರಿನ ಉಬ್ಬರ ಬರೋ ಜಾಗದಲ್ಲಿ ಒಡ್ಡು ಕಟ್ಟಿ ಗೆದ್ದುಕೊಂಡ ಗದ್ದೆ. ಒಡ್ಡಿನ ಮಧ್ಯೆ ಒಂದು ಮರದ ತೂಬು, ಇಲ್ಲಿ ಮಾನಸ್ ಅಂತಾರೆ. ಉಬ್ಬರ ಬಂದಾಗ ನೀರಿನ ಒತ್ತಡಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತೆ, ಇಳಿತದಲ್ಲಿ ಒಳಗಿನ ನೀರು ತಳ್ಳಿ ತೆರೆದುಕೊಳ್ಳುತ್ತೆ. ಅಂಕಲ್ ಹೇಳಿದ್ದು ಇಷ್ಟು: ಮೇಲಿಂದ ಸಿಹಿನೀರು ಬಂದು ಸಮುದ್ರವನ್ನ ಕೆಳಗೆ ತಳ್ಳುತ್ತೆ. ಮಾಂಡೋವಿಯಲ್ಲಿ ಉಬ್ಬರ ಒಳನಾಡಿನ ತನಕ ಹೋಗುತ್ತೆ. ಮೇಲಿನ ನೀರು ಕಮ್ಮಿ ಆದಷ್ಟೂ ಉಪ್ಪು ಮೇಲೇರುತ್ತೆ. 188 ಟಿಎಂಸಿ ಅಂತೀರಲ್ಲ, ಅದು ಬರೋದು ಮಳೆಯ ನಾಲ್ಕು ತಿಂಗಳಲ್ಲಿ. ಏಪ್ರಿಲ್ ಮೇನಲ್ಲಿ ನದಿಯನ್ನ ಜೀವ ಹಿಡಿದು ಇಟ್ಟಿರೋದು ಕಾಡಿನೊಳಗಿನ ಸಣ್ಣ ಹಳ್ಳಗಳು, ಕಳಸಾ ಬಂಡೂರಿಯಂಥವೇ.

ಸರಾಸರಿಯಲ್ಲಿ ಸರಿಯಿದ್ದ ಸಿಸ್ಟಮ್ಮು ಬೇಸಿಗೆಯ ಒಂದು ವಾರ ಬಿದ್ದರೆ ಬಿದ್ದ ಹಾಗೇ. ನನ್ನ ಕೆಲಸದಲ್ಲಿ ಇದನ್ನ ನಾನೇ ಬೇರೆಯವರಿಗೆ ಬೋಧಿಸ್ತೀನಿ. ಕರ್ನಾಟಕ ತಗೊಳ್ಳೋಕೆ ಹೊರಟಿರೋದು ಯಾವ ತಿಂಗಳ ನೀರು ಅನ್ನೋದೇ ಹಾಗಾದ್ರೆ ನಿಜವಾದ ಪ್ರಶ್ನೆ, ನೂರಕ್ಕೆ ಎಷ್ಟು ಅನ್ನೋದಲ್ಲ. ಮಳೆಗಾಲದ ನೀರು ಮಾತ್ರ ತಗೋತೀವಿ, ಬೇಸಿಗೆಯಲ್ಲಿ ಮುಟ್ಟಲ್ಲ ಅಂತ ಗೇಟಿಗೆ ಎರಡೂ ಕಡೆಯವರ ಕಾವಲು ಇಟ್ಟು ಒಪ್ಪಂದ ಮಾಡ್ಕೊಂಡ್ರೆ ಆಗಲ್ವಾ ಅಂತ ನನಗನ್ನಿಸುತ್ತೆ. ಇದನ್ನ ಅಂಕಲ್‌ಗೆ ಹೇಳಿದೆ. "ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ?" ಅಂದ್ರು.

ಅಪ್ಪ ಇದ್ಯಾವುದನ್ನೂ ಕೇಳಿಸ್ಕೊಳ್ಳದೆ ಬಗ್ಗಿ ತೂಬಿನ ಬಾಗಿಲನ್ನ ಮುಟ್ಟಿ ನೋಡ್ತಿದ್ರು. ಜೀವನವಿಡೀ ಕಾಲುವೆಯ ಗೇಟಿನ ಮುಂದೆ ಕಾದ ಮನುಷ್ಯ. "ನಮ್ಮ ಕಾಲುವಿ ಗೇಟ್ ಇದ್ದಂಗ ಐತಿ. ಆದ್ರ ಇವರು ನೀರು ಒಳಗ ಬರಬಾರದಂತ ಕಟ್ಯಾರ" ಅಂದ್ರು. ವಾಪಸ್ ಬರ್ತಾ ನನ್ನನ್ನ ಮೆಲ್ಲಗೆ ಕೇಳಿದ್ರು, ಇವರ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಅಂತ. ದಿನಾ ಅಂದೆ. "ಹಂಗಾರ ನಮ್ಮ ಸಂಕಟ ಇವರಿಗೆ ಹೆಂಗ ತಿಳೀಬೇಕಪಾ" ಅಂದು ಸುಮ್ಮನಾದ್ರು.

ದಿನಾ ಅನ್ನೋದೂ ಪೂರ್ತಿ ನಿಜ ಅಲ್ಲ. ಬಾರ್ದೇಶದ ನಲ್ಲಿಗೆ ಅಸ್ಸನೋಡಾ ಘಟಕದಿಂದ ನೀರು, ಆ ಘಟಕಕ್ಕೆ ತಿಳಾರಿ ಕಾಲುವೆಯಿಂದ, ತಿಳಾರಿ ಅಣೆಕಟ್ಟು ಇರೋದು ಮಹಾರಾಷ್ಟ್ರದಲ್ಲಿ. ಎರಡು ರಾಜ್ಯ ಸೇರಿ ಕಟ್ಟಿದ್ದು. ಕಾಲುವೆ ಒಡೆದ್ರೆ ಇಲ್ಲೂ ಟ್ಯಾಂಕರೇ ಗತಿ. ಅಂದ್ರೆ ನಮ್ಮ ಊರಿನವರು ಕುಡಿಯೋದೂ ಪಕ್ಕದ ರಾಜ್ಯದ ಅಣೆಕಟ್ಟಿನ ನೀರನ್ನೇ! ಇದನ್ನ ಗ್ರಾಮಸಭೆಯಲ್ಲಿ ಎದ್ದು ಹೇಳಬೇಕು ಅಂತ ನನಗೆ ತುಂಬಾ ಆಸೆ. ಹೇಳೋಕೆ ಮೊದಲು ಅಲ್ಲಿ ವೋಟಿರಬೇಕು.

2025ರ ನವೆಂಬರಿನಲ್ಲಿ ಇಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಗಿ ಬಿಎಲ್ಒ ಮನೆಗೆ ಬಂದಿದ್ರು. ಆಂಟಿ, ಅಂಕಲ್ ಫಾರಂ ತುಂಬಿದ್ರು. ಬಿಎಲ್ಒ ನನ್ನನ್ನ ನೋಡಿ "ನೀನು?" ಅಂದ್ರು. ಫಾರಂ 8 ತುಂಬಿದ್ರೆ ವೋಟು ಇಲ್ಲಿಗೆ ಬರುತ್ತೆ. ಬಂದ್ರೆ ಗುಡ್ಡದ ಬಗ್ಗೆ, ಕಸದ ಬಗ್ಗೆ, ಗಾರೆಯವರ ಶೆಡ್ಡಿನ ಬಗ್ಗೆ ಮಾತಾಡಬಹುದು. ನವಲಗುಂದದ ಪಟ್ಟಿಯಿಂದ ಹೆಸರು ಹೋಗುತ್ತೆ. ಹೊರಗಿನವರ ವೋಟ್ ಬ್ಯಾಂಕ್ ಅಂತ ಇವರು ಹೆದರೋ ಲೆಕ್ಕದಲ್ಲಿ ನಾನೂ ಒಂದು ಅಂಕಿ ಆಗ್ತೀನಿ. ಆಂಟಿ ಮಾತ್ರ "ಹಾಕು ಹಾಕು, ಗುಡ್ಡದ ಗೊತ್ತುವಳಿಗೆ ನಮಗೊಂದು ಕೈ ಬೇಕು" ಅಂದ್ರು. ತಕ್ಷಣ ಏನೋ ಹೊಳೆದವರ ಹಾಗೆ, "ಆದ್ರೆ ಮ್ಹಾದಯಿ ಬಂದಾಗ ಕೈ ಯಾವ ಕಡೆ ಎತ್ತುತೀಯ?" ಅಂದ್ರು. ಬಿಎಲ್ಒ ಪೆನ್ನು ಹಿಡ್ಕೊಂಡು ಕಾಯ್ತಾ ಇದ್ರು. ಆಮೇಲೆ ನೋಡ್ತೀನಿ ಅಂದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಆ ತೂಬಿನ ಬಾಗಿಲ ಎಷ್ಟ ವರ್ಷಕ್ಕ ಬದಲಿ ಮಾಡ್ತಾರಂತ? ಕೇಳಿ ಇಡು" ಅಂದ್ರು. ಕೇಳಿದೆ. ಮರ ಚೆನ್ನಾಗಿದ್ರೆ ತುಂಬಾ ವರ್ಷ ಬರುತ್ತಂತೆ. ಫಾರಂ ಇನ್ನೂ ಟೇಬಲ್ಲಿನ ಮೇಲಿದೆ, ಕರೆಂಟ್ ಬಿಲ್ಲಿನ ಕೆಳಗೆ.